ತಲೆಕೆಳಗಾದ ಸಾಲು

ಇವತ್ತೇ ಕೊನೆ ಎಂದು ಯಾದಿರಾ ಬೆಳಿಗ್ಗೆ ದೋಣಿ ಹತ್ತುವಾಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಎಸ್ಮೆರಾಲ್ಡಾಸ್ ಪಟ್ಟಣದ ಆಸ್ಪತ್ರೆಯಲ್ಲಿ ವಾರವಿಡೀ ನರ್ಸ್ ಕೆಲಸ, ಭಾನುವಾರ ಬಂತೆಂದರೆ ಮೊಣಕಾಲುದ್ದ ಕೆಸರು. ಸೀಗಡಿ ಸಾಕುವ ಕೊಳದವರು ಕಾಡು ಕಡಿದು ಬಿಟ್ಟುಹೋದ ಜಾಗದಲ್ಲಿ ಊರಿನವರು ಬಿಟ್ಟಿಯಾಗಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಡುತ್ತ ಮೂರು ವರ್ಷವಾಗಿತ್ತು. ಸಾಕಪ್ಪಾ ಸಾಕು! ಸೊಂಟ ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು.

ಆ ತಂಡದಲ್ಲಿ ಜೋಡಿ ಕೆಲಸ. ಒಬ್ಬರು ಕೋಲಿನಿಂದ ಕುಳಿ ತೋಡಬೇಕು, ಇನ್ನೊಬ್ಬರು ನುಗ್ಗೆಕಾಯಿಯಂಥ ಹಸಿರು ಮೊಳಕೆಯನ್ನು ಅದರಲ್ಲಿ ಊರಬೇಕು. ಮೊದಲಿನಿಂದಲೂ ಅವಳ ಜೋಡಿ ಎವಾರಿಸ್ತೊ, ದೋಣಿ ಎಂಜಿನ್ ರಿಪೇರಿ ಮಾಡುವವನು. ಕುಳಿ ಅವನದು, ಮೊಳಕೆ ಅವಳದು. ಇವತ್ತು ಬಗ್ಗಲಾರೆ ಎಂದು ಅವಳು ಅವನ ಕೈಯಿಂದ ಕೋಲು ಕಿತ್ತುಕೊಂಡು ಮೊಳಕೆಗಳನ್ನು ಅವನಿಗೆ ಕೊಟ್ಟಳು.

“ನನ್ನನ್ನ ಯಾರ ಕೈಗೆ ಒಪ್ಪಿಸಿ ಹೋಗ್ತೀಯ?” ಎಂದ ಎವಾರಿಸ್ತೊ.

“ಫೆಲಿಸಾ ಅಜ್ಜಿ ಇದಾಳಲ್ಲ.” ತಂಡವನ್ನು ನಡೆಸುವವಳು ಆ ಅಜ್ಜಿಯೇ.

“ಅಜ್ಜಿ ಬೈದ್ರೆ ಅಳು ಬರುತ್ತೆ ಕಣೇ. ನೀನು ಬೈದ್ರೆ ಊಟ ಸೇರುತ್ತೆ.”

ಅವಳು ನಗಲಿಲ್ಲ, ನಗುವುದಕ್ಕೂ ಶಕ್ತಿ ಬೇಕಲ್ಲ. ಆದರೂ ಓರೆಗಣ್ಣಲ್ಲಿ ನೋಡಿದಳು. ಬಗ್ಗಿದ್ದ ಅವನ ಕತ್ತಿನ ಮೇಲೆ ಬೆವರಿಳಿಯುತ್ತಿತ್ತು. ಒರೆಸಬೇಕೆನಿಸಿತು. ಇವನು ಬಾಯಿ ಬಿಡಲಿ ಎಂದು ಕಾದು ಕಾದು ಅವಳಿಗೆ ಅದೂ ಸಾಕಾಗಿಹೋಗಿತ್ತು.

ಸಾಲು ಮುಗಿಸಿ ಅವಳು ಹಿಂತಿರುಗಿ ನೋಡಿದಳು. ಮೊಳಕೆಗಳೆಲ್ಲ ತಲೆಕೆಳಗು! ಚಿಗುರೊಡೆಯುವ ತುದಿ ಕೆಸರಿನೊಳಗೆ, ಬೇರು ಬಿಡುವ ಕಂದು ತುದಿ ಮೇಲಕ್ಕೆ. ಹೊಸಬರು ಮಾಡುವ ತಪ್ಪು ಅದು.

“ಏನೋ ಇದು? ಕಣ್ಣು ಎಲ್ಲಿಟ್ಟಿದ್ದೆ?”

ಎವಾರಿಸ್ತೊ ತಲೆ ಎತ್ತಲಿಲ್ಲ. “ಗೊತ್ತಿದ್ದೇ ಮಾಡಿದೆ.”

“ಏನಂದೆ?”

“ಇವು ಸತ್ರೆ ಮತ್ತೆ ನೆಡಬೇಕಾಗುತ್ತೆ. ನಿಮ್ಮ ಸಾಲು ಅಂತ ನಿನ್ನನ್ನೇ ಕರೀತಾರೆ. ಇನ್ನೊಂದು ಭಾನುವಾರನಾದ್ರೂ ಸಿಗ್ತೀಯ ಅಂತ…” ಅವನ ದನಿ ಕುಗ್ಗಿತು. “ನೀನಂದ್ರೆ ನಂಗೆ ಪ್ರಾಣ, ಯಾದಿರಾ. ನೀನಿಲ್ದೆ ಈ ಕೆಸರಲ್ಲಿ ನಂಗೇನು ಕೆಲಸ?”

ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿ ಬಂದವು.

“ಹಾಳಾದವನೇ! ಇದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು? ಪಾಪದ ಗಿಡ ಯಾಕೋ ಸಾಯಿಸ್ತೀಯ? ಕೀಳು, ಎಲ್ಲಾ ಕೀಳು!”

“ಉಬ್ಬರದ ನೀರು ಏರ್ತಾ ಇದೆ, ಬನ್ರೋ!” ಎಂದು ಫೆಲಿಸಾ ಅಜ್ಜಿ ದೋಣಿಯಿಂದ ಕೂಗಿದಳು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಕೀಳುತ್ತ ಹೋದ. ಬಗ್ಗಲಾರೆ ಎಂದಿದ್ದವಳೇ ಬಗ್ಗಿ, ಒಂದೊಂದನ್ನೂ ತಿರುಗಿಸಿ ಊರುತ್ತ ಹೋದಳು. ಕೊನೆಯದು ಮುಗಿಯುವಷ್ಟರಲ್ಲಿ ನೀರು ಮಂಡಿ ದಾಟಿತ್ತು.

“ಮುಂದಿನ ಭಾನುವಾರ ಬರ್ತೀಯಾ?”

“ಇಲ್ಲ.”

ಅವನ ಮುಖ ಬಾಡಿತು.

“ನಂಗೆ ನಿಜವಾಗ್ಲೂ ಸುಸ್ತಾಗಿದೆ ಕಣೋ,” ಎಂದು ಅವಳು ಅವನ ತೋಳು ಹಿಡಿದುಕೊಂಡಳು. “ನೀನೇ ಮನೆಗೆ ಬಾ. ಮೀನು ತಗೊಂಡ್ಬಂದು, ತೆಂಗಿನ ಹಾಲು ಹಾಕಿ ನೀನೇ ಬೇಯಿಸು. ನಾನು ಕೂತಲ್ಲಿಂದ ಏಳಲ್ಲ.”

“ಮತ್ತೆ ಗಿಡ?”

“ಅದರ ಮುಂದಿನ ವಾರ ಇಬ್ರೂ ಬಂದು ನೋಡೋಣ.”

ದೋಣಿ ಹೊರಡುವ ಮೊದಲೇ ಅವಳು ಅವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ತಡ ಮಾಡಿದ್ದಕ್ಕೆ ಬೈಯಲು ಫೆಲಿಸಾ ಅಜ್ಜಿ ಬಾಯಿ ತೆರೆದಳು.

“ಶ್… ಮಲಗಿದಾಳೆ,” ಎಂದ ಎವಾರಿಸ್ತೊ. ದಡ ಸೇರುವವರೆಗೆ ಅವನು ಅಲ್ಲಾಡಲಿಲ್ಲ.