ತೇಲುಪಾಯದ ಮನೆ

ಪರೀಕ್ಷೆಗೆಂದು ತೋಡಿದ ಗುಂಡಿಗೆ ನೀರು ಬಿಟ್ಟ ಅರ್ಧ ಗಂಟೆಗೆ ಮನೆ ನೆಲ ಬಿಟ್ಟಿತು. ಮೊದಲು ಒಂದು ಗೇಣು, ಆಮೇಲೆ ಮೊಳ, ಆಮೇಲೆ ಆಳೆತ್ತರ. ಅದರ ಕಟ್ಟೆಯ ಮೇಲಿಟ್ಟಿದ್ದ ಹಾಲಿನ ಬಟ್ಟಲು ತುಳುಕಲಿಲ್ಲ. ಕೃಷ್ಣೆಯ ದಂಡೆಯ ಸಾಲಹುಣಸಿಯ ಜನ ಚಪ್ಪಾಳೆ ತಟ್ಟಿದರು. ಅದು ೨೦೬೧ರ ಬೇಸಿಗೆ.

ಮನೆಯನ್ನು ಎತ್ತಿದ್ದು ಅದರ ಪಾಯ. ಹೊಳೆಯ ಹೂಳಿಗೆ ಒಂದು ಬಗೆಯ ಸೂಕ್ಷ್ಮಜೀವಿಯನ್ನು ಬೆರೆಸಿದರೆ ಅದು ಸುಡದೆಯೇ ಇಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಒಳಗೆಲ್ಲ ಜೇನುಗೂಡಿನಂಥ ಮುಚ್ಚಿದ ಗಾಳಿಗೂಡುಗಳು; ಹೀಗಾಗಿ ಅದು ತೇಲುತ್ತಿತ್ತು. ಮನೆ ಕೊಚ್ಚಿಹೋಗದಂತೆ ನಾಲ್ಕು ಮೂಲೆಗೆ ಉಕ್ಕಿನ ಕಂಬ; ಕಂಬದ ಸುತ್ತ ಬಳೆಯಂತೆ ಜಾರುವ ಕಡಗ. ಇದನ್ನು ಕಂಡುಹಿಡಿದ ಡಾ. ಮೆಹರುನ್ನಿಸಾ ನದಾಫ್ ಅದೇ ಊರಿನ ಮಗಳು.

ಅಂಬಿಗರ ಕಾಶವ್ವ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಸೇತುವೆ ಆಗುವ ತನಕ ಗಂಡನ ಜೊತೆ ದೋಣಿ ನಡೆಸಿದ ಹೆಂಗಸು ಅವಳು.

“ಡಾಕ್ಟ್ರ, ಒಳಗ ಯಾರ್‍ನ ಕುಂದರಿಸೀರಿ?”

“ಯಾರ್‍ನೂ ಇಲ್ಲವ್ವಾ. ಹತ್ತು ಮಂದಿ ತೂಕದಷ್ಟು ಮರಳಿನ ಚೀಲ ಇಟ್ಟೇವಿ, ಎಲ್ಲಾ ಕಡೆ ಸಮನಾಗಿ.”

“ಚೀಲಕ್ಕ ಹೊಳಿ ನೋಡೋ ಆಸೆ ಇರೂದಿಲ್ಲಲ್ಲ.”

ಜನ ನಕ್ಕರು. “ಮನೀನ ತೇಲಿದರ ನಿನ್ನ ದೋಣಿ ಯಾರೂ ಕೇಳಂಗಿಲ್ಲಂತ ಹೊಟ್ಟಿಕಿಚ್ಚೇನಬೇ?” ಎಂದು ನೆರೆಯ ಶಾವಂತ್ರಿ ಕೆಣಕಿದಳು.

“ಹೊಟ್ಟಿಕಿಚ್ಚಲ್ಲಬೇ, ಸಂಶೇ,” ಎಂದಳು ಕಾಶವ್ವ.

ಮಳೆಗಾಲದ ಹೊತ್ತಿಗೆ ಅಂಥ ಅರವತ್ತು ಮನೆಗಳು ಎದ್ದವು. ಹೊಳೆಗೆ ಎಲ್ಲಕ್ಕಿಂತ ಹತ್ತಿರದ್ದು ಕಾಶವ್ವನದು. ಮೊದಲೆಲ್ಲ ನೀರು ಬೇವಿನ ಮರದ ಬೇರು ಮುಟ್ಟಿದ ಕೂಡಲೇ ಡಂಗುರ ಹೊಡೆದು ಊರೇ ದಿನ್ನೆ ಹತ್ತುತ್ತಿತ್ತು. ಈ ಸಲ ಡಂಗುರದ ಹಲಗೆ ಗುಡಿಯ ಮೂಲೆಯಲ್ಲೇ ಉಳಿಯಿತು.

ಬಾಣಂತನಕ್ಕೆ ಬಂದಿದ್ದ ಮಗಳು ರೇಣುಕಾ ಎರಡು ತಿಂಗಳ ಕೂಸಿನೊಂದಿಗೆ ಆ ಮನೆಯಲ್ಲಿದ್ದಳು. ಕಾಶವ್ವನ ಅನುಮಾನವೆಲ್ಲ ಆ ತೊಟ್ಟಿಲ ಸುತ್ತಲೇ ಸುತ್ತುತ್ತಿತ್ತು. ಬಾಗಿಲ ಚೌಕಟ್ಟಿಗೆ ದಾರ ಕಟ್ಟಿ ಒಂದು ಕಲ್ಲು ಇಳಿಬಿಟ್ಟಳು. ಮನೆ ವಾಲಿದರೆ ಕಲ್ಲು ಮೊದಲು ಹೇಳಲಿ ಎಂದು. ಬೋರಲು ಬಿದ್ದಿದ್ದ ದೋಣಿಗೆ ಡಾಂಬರು ಬಳಿದು ಹಿತ್ತಲ ಕಂಬಕ್ಕೆ ಕಟ್ಟಿದಳು.

“ಮಂದಿ ನಗತಾರ ಯವ್ವಾ,” ಎಂದಳು ರೇಣುಕಾ.

“ನಗಲಿ. ನಗೂದಕ್ಕಾದ್ರೂ ಮಂದಿ ಉಳೀಬೇಕಲ್ಲ.”

ಶ್ರಾವಣದ ಎರಡನೇ ಶುಕ್ರವಾರ ಮಧ್ಯಾಹ್ನ ಹೊಳೆ ಬಂತು. ಅರವತ್ತೂ ಮನೆಗಳು ಮೆಲ್ಲಗೆ ಎದ್ದವು. ಕಾಶವ್ವನಿಗೂ ಒಂದು ಗಳಿಗೆ ಮನಸ್ಸು ಹಗುರಾಯಿತು. ದೇವರು ಆ ಹುಡುಗಿಯ ಕೈಗೆ ಒಳ್ಳೆಯ ವಿದ್ಯೆ ಕೊಟ್ಟ ಅಂದುಕೊಂಡಳು.

ಅಂಗಳಕ್ಕೆ ಬಂದ ಹೊಳೆಯನ್ನು ತವರಿಗೆ ಬಂದ ಮಗಳೆಂದು ಕಂಡು ಉಡಿ ತುಂಬುವುದು ಆ ಊರಿನ ರೂಢಿ. ಅಕ್ಕಿ, ಕುಬಸದ ಕಣ, ಹಸಿರು ಬಳೆ, ತೆಂಗಿನಕಾಯಿ ಹಿಡಿದು ಇಪ್ಪತ್ತೆರಡು ಹೆಂಗಸರು ನೀರು ಏರುವ ಮೊದಲೇ ಕಾಶವ್ವನ ಮನೆಗೆ ಬಂದು ಕೂತಿದ್ದರು. ಆರತಿ ಎತ್ತಿದ್ದೇ ಎಲ್ಲರೂ ಹೊಳೆಯ ಬದಿಯ ಕಟ್ಟೆಗೆ ನುಗ್ಗಿದರು.

ದಾರದ ಕಲ್ಲು ಚೌಕಟ್ಟಿಗೆ ಬಡಿಯಿತು. ಮನೆ ವಾಲಿ, ಕಡಗಗಳು ಕಂಬಕ್ಕೆ ಕಚ್ಚಿಕೊಂಡವು. ನೀರು ಏರುತ್ತಿತ್ತು, ಮನೆ ಏರಲಿಲ್ಲ. ಹೊಸ್ತಿಲು ದಾಟಿದ ನೀರು ತೊಟ್ಟಿಲ ಕೆಳಗೆ ಹರಿಯಿತು. ಚೀರಾಟ ಎದ್ದಿತು.

“ಕುಂದರ್‍ರಿ!” ಕಾಶವ್ವ ನಡುಹೊಳೆಯಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದಳು. “ಯಾರೂ ಓಡಬ್ಯಾಡ್ರಿ! ನಿಂತಲ್ಲೇ ಕುಂದರ್‍ರಿ! ರೇಣಾ, ಕೂಸಿನ್ನ ಎತ್ಕೊಂಡು ಹಿತ್ತಲ ಗ್ವಾಡಿಗೆ ಸರಿ. ಶಾವಂತ್ರಿ, ಈಗ ನೀ. ಕುಂತ ಸರಿಯಬೇ, ಏಳಬ್ಯಾಡ!”

ಒಬ್ಬೊಬ್ಬರಾಗಿ ಕೂತಲ್ಲಿಂದಲೇ ಸರಿದರು. ಹನ್ನೊಂದನೆಯವಳು ಸರಿದಾಗ ಕಂಬದ ಕಡಗ ಠಣ್ಣೆಂದು ಬಿಟ್ಟುಕೊಂಡಿತು. ಮನೆ ನೆಟ್ಟಗಾಗಿ ಎದ್ದಿತು. ಆದರೂ ಕಾಶವ್ವ ನಂಬಲಿಲ್ಲ. ಐದು ಸರ್ತಿ ದೋಣಿ ಹಾಕಿ ಎಲ್ಲರನ್ನೂ ದಿನ್ನೆಗೆ ಮುಟ್ಟಿಸಿದಳು. ಮೊದಲ ಸರ್ತಿಯಲ್ಲೇ ರೇಣುಕಾ ಕೂಸಿನೊಂದಿಗೆ ದಿನ್ನೆ ಸೇರಿದಳು.

ನೀರು ಇಳಿದ ಮೇಲೆ ಬಂದ ಮೆಹರುನ್ನಿಸಾ ಗೀರುಬಿದ್ದ ಕಂಬವನ್ನು ಸವರಿ ನೋಡಿದಳು.

“ತಪ್ಪು ನಂದವ್ವಾ. ಸಣ್ಣಾಕಿದ್ದಾಗ ನಮ್ಮವ್ವನ ಸೆರಗ ಹಿಡಕೊಂಡು ನಾನೂ ಈ ಉಡಿ ತುಂಬೂದು ನೋಡೇನಿ. ಗೊತ್ತಿತ್ತು. ಲೆಕ್ಕದಾಗ ಬರೀಲಿಲ್ಲ. ಇನ್ನ ಕಡಗ ಕಚ್ಚದಂಗ ಮಾಡತೇನಿ.”

“ಮಾಡ್ರಿ. ನಾ ದೋಣಿ ಮಾತ್ರ ಬಿಚ್ಚಂಗಿಲ್ಲ,” ಎಂದಳು ಕಾಶವ್ವ. “ಒಂದು ಹೇಳ್ರಿ. ಇಲ್ಲಿ ಮನಿ ಕಟ್ಟಂತ ಮೊದಲ ಹೇಳಿದವರು ಯಾರು?”

ಮೆಹರುನ್ನಿಸಾ ಕೈಯಲ್ಲಿದ್ದ ಗಣಕಫಲಕದ ಮೇಲೆ ಹಳೆಯ ನಕ್ಷೆ ತೆರೆದಳು. ದನ ಮೇಯುವ ಹೊಳೆಸಾಲನ್ನು ಚೌಕ ಚೌಕವಾಗಿ ಕತ್ತರಿಸಿ ಮನೆಜಾಗ ಮಾಡಿದ ನಕ್ಷೆ. ಮೂವತ್ತೈದು ವರ್ಷ ಹಿಂದಿನದು. ಜೊತೆಗೆ ಅಂದಿನ ಊರಸಭೆಯ ನಡಾವಳಿ. ‘ಇದು ಹೊಳೆ ಹಾಯುವ ಜಾಗ ಎಂದು ಅಂಬಿಗರ ಹಿರಿಯರೊಬ್ಬರು ತಿಳಿಸಿದರು’ ಎಂಬ ಒಂದೇ ಸಾಲು. ಅದರ ಕೆಳಗೆ ಒಪ್ಪಿಗೆಯ ಸಹಿಗಳು.

ಕಾಶವ್ವನ ಬೆರಳು ಸಹಿಗಳ ಮೇಲೆ ಇಳಿಯುತ್ತ ಒಂದು ಕಡೆ ನಿಂತಿತು.

“ಆ ಹಿರಿಯರು ನಮ್ಮ ಮಾವ. ಇದು ನನ್ನ ಸಹಿ. ಆಗ ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದಿದ್ದೆ. ಎರಡು ವರ್ಷ ಹೊಳಿ ಬಂದಿರಲಿಲ್ಲ ನೋಡ್ರಿ. ಮುದುಕಗ ಅರಳುಮರಳು ಅಂತ ಎಲ್ಲಾರ ಜೋಡಿ ನಾನೂ ನಕ್ಕೆ.” ಅವಳು ಫಲಕವನ್ನು ಮೆಲ್ಲಗೆ ಹಿಂದಿರುಗಿಸಿದಳು. “ಎಲ್ಲಾದರ ಮ್ಯಾಲೂ ಸಂಶೇ ಪಡೋ ನನಗ, ಪಡಬೇಕಾದ ಆ ದಿನಾನ ಸಂಶೇ ಬರಲಿಲ್ಲ.”

ಸಭೆ ನಡೆದ ೨೦೨೬ರ ಆ ದಿನ ಬಿಸಿಲು ಚೆನ್ನಾಗಿತ್ತು. ಹೊಳೆ ದೂರದಲ್ಲಿ ತೆಳ್ಳಗೆ, ಸಾಧುವಾಗಿ ಹರಿಯುತ್ತಿತ್ತು. ಈಗ ನಾವು ನೋಡುತ್ತಿರುವ ಹಾಗೆಯೇ.