ಅರ್ಧ ಅರ್ಧ ಅಂದಿದ್ದೆಯಲ್ಲ!

"ನಂಬಿದವಳ ಕತ್ತು ಕೊಯ್ದೆಯಲ್ಲೋ... ಈಗ ಸಮಾಧಾನ ಆಯ್ತಾ?"

ಮರಗೆಲಸದ ಅಂಗಡಿಯ ಬಾಗಿಲಲ್ಲೇ ನಿಂತು ಅವಳು ಕೂಗಿದಳು. ಹಲಗೆ ಉಜ್ಜುತ್ತಿದ್ದ ಅವನ ಕೈ ತಟಕ್ಕನೆ ನಿಂತಿತು. ಪಕ್ಕದಲ್ಲಿ ಅಂಟು ಕಲಸುತ್ತಿದ್ದ ಅವನ ದೊಡ್ಡಪ್ಪ ತಲೆ ಎತ್ತಿ ನೋಡಿ, ಮತ್ತೆ ಡಬ್ಬಿಯತ್ತ ಬಾಗಿದರು.

ಬೆಳಿಗ್ಗೆ ಪದವಿಯ ಫಲಿತಾಂಶ ಬಂದಿತ್ತು. ಉಳಿದೆಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕ, ಪ್ರಾಜೆಕ್ಟಿನಲ್ಲಿ ಮಾತ್ರ ಬರೀ ಪಾಸು! ಅದೊಂದರಿಂದ ಮೊದಲ ದರ್ಜೆ ತಪ್ಪಿ, ಮುಂದೆ ಓದಲು ಅವಳು ಆಸೆಪಟ್ಟಿದ್ದ ಸೀಟೂ ಹೋಯಿತು. "ಹೋಗ್ಲಿ ಬಿಡು ಮಗಳೇ" ಎಂದ ಅಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಾ ಕೂತಿದ್ದರು.

ಪ್ರಾಜೆಕ್ಟ್ ಎಂದರೆ ಮರದ ಪುಟ್ಟ ಸೇತುವೆ. ಭಾರದ ಲೆಕ್ಕವೆಲ್ಲ ಅವಳದು. ಕೊಯ್ದು ಜೋಡಿಸಿದ್ದು ಅವನು, ಇದೇ ಅಂಗಡಿಯಲ್ಲಿ. ಕಾಲೇಜಿನಲ್ಲಿ ಅವಳು 'ಲೆಕ್ಕಮ್ಮ', ಅವನು 'ಉಳಿರಾಯ'. ಮೌಖಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು, ಯಾರ ಪಾಲು ಎಷ್ಟು ಎಂದು ಕೇಳಿ ಅಂಕ ಕೊಡುತ್ತಿದ್ದರು. "ಅರ್ಧ ಅರ್ಧ ಅಂತಲೇ ಹೇಳೋಣ" ಎಂದು ಅವನು ಕೈ ಹಿಡಿದು ಮಾತು ಕೊಟ್ಟಿದ್ದ.

ಒಳಗೆ ತಾನೇನು ಹೇಳಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. 'ಅವನು ಮಾತಿನಂತೆ ಅರ್ಧವಾದರೂ ಅವಳದು ಅಂದಿದ್ದರೆ ಹೀಗಾಗುತ್ತಿತ್ತಾ? ಇಂಥವನಿಗಾಗಿ ನಾನು...' ಸೀಟು ಹೋದ ನೋವಿಗಿಂತ ಈ ಮೋಸವೇ ಅವಳನ್ನು ಸುಡುತ್ತಿತ್ತು.

"ಎಲ್ಲಾ ನಂದೇ ಅಂದ್ಬಿಟ್ಟೆ ಅಲ್ವಾ?"

"ಅದನ್ನ ನಾನು ಕೇಳ್ಬೇಕು! ಮೋಸ ಮಾಡಿದ್ದು ನೀನು!" ಅವನೂ ದನಿ ಏರಿಸಿದ.

"ನಾನಾ?!"

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಇವನದೂ ಅದೇ ಹಣೆಬರಹ. ಸೇತುವೇಲಿ ಬರೀ ಪಾಸು."

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಎಲ್ಲ ಬಾಚಿಕೊಂಡವನಿಗೆ ಬರೀ ಪಾಸೇ?

"ನಿಜ ಹೇಳು... ಒಳಗೆ ಏನಂದೆ?"

ಅವನು ಮರದ ಹೊಟ್ಟನ್ನು ಕಾಲಲ್ಲಿ ಕೆದಕಿದ. "ಎಲ್ಲಾ ಅವಳದೇ, ನಾನು ಬರೀ ಮರ ಕೊಯ್ದೆ ಅಂದೆ. ನಿನಗೆ ಸೀಟು ಸಿಗ್ಲಿ ಅಂತ... ನೀನು?"

"ಲೆಕ್ಕಾನೂ ಅವನೇ ಮಾಡಿದ್ದು, ನಾನು ಸುಮ್ನೆ ಜೊತೆಗಿದ್ದೆ ಅಂದೆ. ನಿನಗೆ ಒಳ್ಳೆ ಕೆಲಸ ಸಿಗ್ಲಿ ಅಂತ..."

ಪರೀಕ್ಷಕರು ಪಾಪ, ಇಬ್ಬರನ್ನೂ ನಂಬಿದ್ದರು. ಏನೂ ಮಾಡಿಲ್ಲ ಎಂದವರಿಗೆ ಇನ್ನೆಷ್ಟು ಅಂಕ ಕೊಟ್ಟಾರು?

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನೀವು ಮದುವೆಗೆ ಮುಂಚೇನೇ ಬಡವಾಗಿಸಿದ್ರಲ್ಲೋ!" ಎನ್ನುತ್ತಾ ದೊಡ್ಡಪ್ಪ ಹಿತ್ತಲಿಗೆ ಹೋದರು.

ಅವಳಿಗೆ ನಗು ಬರಬೇಕಿತ್ತು, ಅಳು ಬಂತು. ಸೀಟಂತೂ ವಾಪಸ್ ಬರುವುದಿಲ್ಲ.

"ಆದ್ರೂ ಮಾತಿಗೆ ತಪ್ಪಿದೆ ನೀನು."

"ನೀನೂ ತಪ್ಪಿದೆ. ಅಳಬೇಡ ಲೆಕ್ಕಮ್ಮ... ಮುಂದಿನ ಸಲ ಮತ್ತೆ ಪರೀಕ್ಷೆಗೆ ಕೂರೋಣ. ಹೊಸ ಸೇತುವೆ ಕಟ್ಟೋಣ."

"ಇಷ್ಟ ಇದ್ರೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಈಗ ಹೇಳ್ತಿದೀನಿ. ನೀನಂದ್ರೆ ನನಗೆ ಪ್ರಾಣ."

ಅವಳು ಕಣ್ಣೊರೆಸಿಕೊಂಡಳು. "ಯಾರ ಪ್ರೀತಿ ಜಾಸ್ತಿ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯ?"

"ಎಲ್ಲಾ ನಿಂದೇ ಅಂತೀನಿ."

"ಮತ್ತೆ ಶುರು ಮಾಡಿದ್ಯಾ!" ಅವನ ಹೊಟ್ಟು ಮೆತ್ತಿದ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದಳು. "ಅರ್ಧ ಅರ್ಧ ಅನ್ನು."

"ಅರ್ಧ ಅರ್ಧ."