ಬಿಚ್ಚದೆ ಉಳಿದ ಹಗ್ಗ

"ನೋವು ಶುರುವಾಗ್ತಿದ್ದಂಗೆ ಈ ಮಾತ್ರೆ ಸಣ್ಣತಾಯಮ್ಮನ ಬಾಯಿಗೆ ಬೀಳಬೇಕು. ಹುಟ್ಟಿದ ಮಗೂಗೆ ಈ ಹನಿ. ಎರಡೂ ಬಿದ್ರೆ ತಾಯಿ ಮೈಯಾಗಿನ ಎಚ್‌ಐವಿ ಮಗೂಗೆ ದಾಟೋದು ಕಮ್ಮಿ," ಎಂದಳು ನರ್ಸ್ ಹೇಮಲತಾ.

ಅರಸೀಕೆರೆಯ ಔಷಧಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಗುರುಮೂರ್ತಿ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕಿಟ್ಟ. ಎರಡು ಸಾವಿರದ ಐದರ ಮಳೆಗೆ ಕಣಕಟ್ಟೆಯಾಚೆ ರಸ್ತೆ ಕೊಚ್ಚಿಹೋಗಿತ್ತು. ಕರಡಿಗುಡ್ಡದಾಚೆಯ ಊರಿನ ಬಸುರಿ ಸಣ್ಣತಾಯಮ್ಮ ಆಸ್ಪತ್ರೆಗೆ ಬರುವಂತಿರಲಿಲ್ಲ. ಔಷಧಿಯೇ ಅವಳ ಬಳಿಗೆ ನಡೆದುಹೋಗಬೇಕಿತ್ತು. ಹೇಮಲತಾಳೂ ಜೊತೆಗೆ ಹೊರಟಳು. ದಾರಿ ತೋರಿಸಲು ಕುರಿ ಕಾಯುವ ಹುಚ್ಚಣ್ಣ ಬಂದಿದ್ದ.

ತೆಂಗಿನ ತೋಟಗಳು ಹಿಂದೆ ಉಳಿದವು. ಕರಡಿಗುಡ್ಡ ಎದುರಾಯಿತು. ಮೋಡ ಬಂಡೆಗಳ ನೆತ್ತಿ ಸವರುತ್ತಿತ್ತು. ಕಾರೆ, ಲಂಟಾನ ಪೊದೆಗಳ ನಡುವೆ ಕೆಂಪು ನೀರು ದಾರಿ ತಾನೇ ಎಂಬಂತೆ ಹರಿದು ಬರುತ್ತಿತ್ತು. ದೇವರ ಲೋಕ ತೊಳೆದಿಟ್ಟ ತಟ್ಟೆಯ ಹಾಗಿತ್ತು, ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು.

ಗುಡ್ಡದ ಬುಡದ ಹಟ್ಟಿಯಲ್ಲಿ ಮುದುಕಿ ಮುತ್ತಮ್ಮ ಅಡ್ಡ ಬಂದಳು. "ಚೀಲದಾಗೇನೈತಪ್ಪಾ, ಹಂಗೆ ಮಗೀನ್ ತಬ್ಬಿಕೊಂಡಂಗೆ ತಬ್ಬಿದ್ದೀಯ?"

ಗುರುಮೂರ್ತಿ ತಡವರಿಸಿದ. ಗುಡ್ಡದಾಚೆಯ ಊರಿಗೂ ಈ ಹಟ್ಟಿಗೂ ಕೊಟ್ಟು ತಂದ ನಂಟು. ರೋಗದ ಹೆಸರು ಬಾಯಿಂದ ಬಿದ್ದರೆ ಸಣ್ಣತಾಯಮ್ಮನಿಗೆ ಬಾವಿಯ ಕಟ್ಟೆಯೂ ಇಲ್ಲವಾಗುತ್ತದೆ. "ಪೋಲಿಯೋ ಹನಿ ಕಣಮ್ಮ," ಎಂದುಬಿಟ್ಟ.

"ಅಯ್ಯೋ ನನ್ನಪ್ಪಾ! ಮಳೇಲಿ ಈ ಸಲ ಯಾರೂ ಬರ್ಲೇ ಇಲ್ಲ!"

ಕೂಗು ಹಬ್ಬಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಹೆಂಗಸರು ಓಡಿಬಂದರು. ಹೊಲಕ್ಕೆ ಹೋದವರಿಗೆ ಹೇಳಿಕಳಿಸಿದರು.

"ಇದು ಆಚೆ ಊರಿಗೆ ಮಾತ್ರ..."

"ನಮ್ಮ ಮಕ್ಳೇನು ಮಣ್ಣಿನವಾ?" ಒಬ್ಬಳು ಚೀಲದ ಪಟ್ಟಿ ಹಿಡಿದಳು.

"ಏನ್ ಸಾರ್ ಇದು, ಹೊಳೆ ದಾಟೋಕೆ ಬಂದು ಹುತ್ತಕ್ಕೆ ಕೈ ಹಾಕ್ದಂಗಾಯ್ತಲ್ಲ," ಎಂದು ಹುಚ್ಚಣ್ಣ ಪಿಸುಗುಟ್ಟಿದ.

ಬಿಡಿಸಿಕೊಳ್ಳುವಷ್ಟರಲ್ಲಿ ಬಿಸಿಲಿಲ್ಲದ ಮಧ್ಯಾಹ್ನ ಕಳೆದಿತ್ತು. ಬರುವಾಗ ಹಾಕುತ್ತೇವೆಂದು ಇನ್ನೊಂದು ಸುಳ್ಳು ಹೇಳಿ ಹೊರಟರು.

ಹಟ್ಟಿಯಾಚೆಯ ಹಳ್ಳ ಅಷ್ಟರಲ್ಲಿ ಉಕ್ಕಿತ್ತು.

ಹುಚ್ಚಣ್ಣ ಕೋಲೂರಿ ಇಳಿದ. ನೀರು ಸೊಂಟಕ್ಕೆ ಬಂತು. ಎದೆಗೆ ಬಂತು. ಹೇಮಲತಾ ಅವನ ಪಂಚೆ ಹಿಡಿದಳು. ಗುರುಮೂರ್ತಿ ಚೀಲವನ್ನು ತಲೆಯ ಮೇಲೆತ್ತಿದ.

ಕಾಲ ಕೆಳಗಿನ ಕಲ್ಲು ಉರುಳಿತು!

"ಚೀಲ! ಚೀಲ ಬಿಡ್ಬ್ಯಾಡಿ ಸಾರ್!" ಎಂದು ಹುಚ್ಚಣ್ಣ ಕೂಗಿದ.

ಗುರುಮೂರ್ತಿ ಮುಳುಗಿದ, ಕೈ ಮಾತ್ರ ನೀರಿನ ಮೇಲಿತ್ತು. ಹುಚ್ಚಣ್ಣ ಅವನ ಕೂದಲಿಗೆ ಕೈ ಹಾಕಿ ಎಳೆದ. ಮೂವರೂ ಆಚೆ ದಡದ ಬೇರಿಗೆ ಜೋತುಬಿದ್ದರು.

"ಇಲ್ಲೊಂದು ಹಗ್ಗ ಇದ್ದಿದ್ರೆ..." ಎಂದು ಹೇಮಲತಾ ಏದುಸಿರು ಬಿಟ್ಟಳು.

ಗುಡ್ಡ ಹತ್ತಿ ಇಳಿದು ಸಣ್ಣತಾಯಮ್ಮನ ಮನೆ ಮುಟ್ಟಿದಾಗ ಬಾಗಿಲಾಚೆ ಮಗುವಿನ ಅಳು ಕೇಳಿಸಿತು. ಬೇರೆ ಹೊತ್ತಿನಲ್ಲಿ ಹಿತವಾಗುವ ಆ ಸದ್ದು ಈಗ ಗುರುಮೂರ್ತಿಗೆ ಬೇಡವಾಗಿತ್ತು. ಮಾತ್ರೆಯ ಹೊತ್ತು ಮೀರಿತ್ತು. "ಈಗಿನ್ನೂ ಹೆತ್ತಳು," ಎಂದಳು ಸೂಲಗಿತ್ತಿ.

ಹೇಮಲತಾ ಕೈ ತೊಳೆದು ಹನಿ ಹಾಕಿದಳು. ಕೂಸು ಚಪ್ಪರಿಸಿತು. ಸಣ್ಣತಾಯಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ಸಾಕಾ ಸಿಸ್ಟರ್?"

"ಇದೂ ದೊಡ್ಡದೇ ಕಣೇ. ಒಂದೂವರೆ ವರ್ಷ ತುಂಬಲಿ, ಪರೀಕ್ಷೆ ಮಾಡಿಸೋಣ."

ಮರುದಿನ ಹಳ್ಳ ಇಳಿದಿತ್ತು. ಹಟ್ಟಿಯ ಬೇವಿನ ಮರದಡಿ ಮಕ್ಕಳನ್ನು ಕೂರಿಸಿಕೊಂಡು ಹೆಂಗಸರು ಕಾದಿದ್ದರು. ಗುರುಮೂರ್ತಿ ತಲೆ ತಗ್ಗಿಸಿದ. "ಪೋಲಿಯೋ ಅಲ್ಲ ಕಣಮ್ಮ. ಹೆರಿಗೆ ನೋವಿನವಳಿಗೆ ಔಷಧಿ ತಗೊಂಡ್ ಹೋಗ್ತಿದ್ವಿ. ಹೊತ್ತಿಗೆ ಮುಟ್ಟಿಸೋಕಾಗ್ಲಿಲ್ಲ."

ಮುತ್ತಮ್ಮ ಬೈಯಲಿಲ್ಲ. "ಇದನ್ನೇ ಅಂದಿದ್ರೆ ಆಗ್ತಿರ್ಲಿಲ್ವಾ ಮಗ? ನೋವು ಅಂದ್ರೆ ನಮ್ಮ ಹಟ್ಟೀಲಿ ಯಾರು, ಏನು ಅಂತ ಕೇಳಾಕಿಲ್ಲ. ಹೆರಿಗೆ ಸಲೀಸಾಗ್ಲಿ ಅಂತ ಮನೇಲಿ ಕಟ್ಟಿದ ಹಗ್ಗಾನೆಲ್ಲ ಬಿಚ್ತೀವಿ. ಆ ಹಗ್ಗಾನೇ ಹಳ್ಳಕ್ಕೆ ಕಟ್ಟಿ ದಾಟಿಸ್ತಿದ್ರು ನಮ್ಮ ಹುಡುಗ್ರು."

ಗುರುಮೂರ್ತಿ ಚೀಲವನ್ನು ಹೆಗಲಿಂದ ಇಳಿಸಿದ. ಜನರನ್ನು ನಂಬದೆ ಹೊತ್ತ ಔಷಧಿ ಎಷ್ಟು ಭಾರವಿತ್ತು! "ಈ ವಾರದೊಳಗೆ ಹನಿ ನಾನೇ ತರ್ತೀನಮ್ಮ," ಎಂದ.

ಮುದುಕಿ ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗ ಬಿಚ್ಚತೊಡಗಿದಳು.

"ಈಗ್ಯಾಕಜ್ಜಿ? ಹೆತ್ತಾಯ್ತಲ್ಲ," ಎಂದ ಹುಚ್ಚಣ್ಣ.

"ಆಗ್ಲೇಳು. ಮಗೀಗಿನ್ನೂ ದಾರಿ ದೂರ ಐತೆ."